ಬಟ್ಟೆ ಒಗೆಯೋಕೆ ಅಂದ್ರೆ ನಂಬಬೇಕಲ್ಲ

ಸುಳ್ಳು ಹೇಳಿ ಸಿಕ್ಕಿಬಿದ್ದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಿಜ ಹೇಳಿ ಸಿಕ್ಕಿಬಿದ್ದವನು ಮಾತ್ರ ಕಲ್ಲುಗುಂಡನಹಳ್ಳಿಯಲ್ಲಿ ನಾನೊಬ್ಬನೇ. ಅದೂ ಎಂಥ ನಿಜ? ರಾಜಕೀಯದ್ದಲ್ಲ, ಆಸ್ತಿಪಾಸ್ತಿಯದ್ದಲ್ಲ. ಹೆಂಡತಿ ಬಟ್ಟೆ ಒಗೆಯಲಿಕ್ಕೆ ಒಂದು ಕೋಣೆ ಸರಿಮಾಡುತ್ತಿದ್ದೇನೆ ಎಂಬ ಬಡಪಾಯಿ ನಿಜ. ಇಷ್ಟಕ್ಕೆ ನನ್ನನ್ನು ನನ್ನದೇ ಹಿತ್ತಿಲಲ್ಲಿ ನಿಲ್ಲಿಸಿ, ಊರಿನವರೆಲ್ಲ ಸುತ್ತ ಕೂತು ಪಂಚಾಯಿತಿ ಮಾಡಿದರು. ಈಗಲೂ ನೆನೆದರೆ ಮೈಯೆಲ್ಲ ಉರಿಯುತ್ತದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ. ನ್ಯಾಯ ಯಾವ ಕಡೆಗಿದೆ ಎಂದು ಕೇಳಿದವರು ಹೇಳಲಿ.

ನನ್ನ ಹೆಸರು ಪರಮಶಿವಯ್ಯ. ತಿಪಟೂರಿನಿಂದ ನೊಣವಿನಕೆರೆ ಬಸ್ಸು ಹಿಡಿದು, ನಡುವೆ ಕೈಮರದ ಹತ್ತಿರ ಇಳಿದು ನಡೆಯಬೇಕಾದ ಊರು ನಮ್ಮದು. ಸಣ್ಣದೊಂದು ತೆಂಗಿನ ತೋಟ, ಒಂದು ಎಮ್ಮೆ, ಹೆಂಚಿನ ಮನೆ, ಮನೆಯಲ್ಲಿ ಹೆಂಡತಿ ಶಿವರುದ್ರಮ್ಮ. ಊರಿನಲ್ಲಿ ನನಗೆ ಇಂಥದ್ದು ಎಂದು ಹೇಳಿಕೊಳ್ಳುವ ಸ್ಥಾನಮಾನ ಇರಲಿಲ್ಲ. ಮಳೆ ಬರುತ್ತದೆ ಎಂದು ನಾನು ಹೇಳಿದರೆ ಜನ ಅಂಗಳದಲ್ಲಿ ಒಣಹಾಕಿದ ರಾಗಿಯನ್ನು ಹಾಗೇ ಬಿಟ್ಟು ನೆಮ್ಮದಿಯಾಗಿ ಮಲಗುತ್ತಿದ್ದರು. ಅಂಥವನ ಮಾತಿಗೆ ಇದ್ದಕ್ಕಿದ್ದಂತೆ ಬೆಲೆ ಬಂದದ್ದು ಎಪ್ಪತ್ತೆಂಟನೇ ಇಸವಿಯಲ್ಲಿ, ಊರಿಗೆ ಕರೆಂಟು ಬಂದ ಮಾರನೇ ವರ್ಷ. ಮಾತಿಗೆ ಅಂದೆನಲ್ಲ, ಅದು ತಪ್ಪು. ಬೆಲೆ ಬಂದದ್ದು ನನ್ನ ಮಾತಿನ ಉಲ್ಟಾಕ್ಕೆ.

ಇದು ಶುರುವಾದದ್ದು ತುಮಕೂರಿನಲ್ಲಿ. ಶಿವರುದ್ರಮ್ಮನ ಚಿಕ್ಕಪ್ಪನ ಮಗಳು ಗಿರಿಜಾಂಬಿಕಾ ಅಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದಳು. ಊಟವಾದ ಮೇಲೆ ಬಂದವರನ್ನೆಲ್ಲ ಸಾಲಾಗಿ ಹಿಂದೆ ಕಟ್ಟಿಕೊಂಡು ಒಂದೊಂದೇ ಕೋಣೆ ತೋರಿಸಿದಳು. ಇದು ಹಾಲು, ಇದು ಸ್ಟೋರು, ಇದು ಗೆಸ್ಟ್ ರೂಮು. ಕೊನೆಗೆ ಹಿಂಭಾಗದ ಒಂದು ಬಾಗಿಲು ತೆಗೆದು, "ಇದು ಬಟ್ಟೆ ಒಗೆಯೋ ರೂಮು," ಅಂದಳು. ಸೊಂಟದ ಎತ್ತರಕ್ಕೆ ಕಟ್ಟಿದ ಒಗೆಯುವ ಕಲ್ಲು, ಅದರ ಮೇಲೆ ನಲ್ಲಿ, ತಲೆಯ ಮೇಲೆ ಸೂರು, ಗೋಡೆಗೆ ತಿಳಿನೀಲಿ ಬಣ್ಣ. ನನ್ನ ಹಿಂದಿದ್ದ ಒಬ್ಬರು, "ಬಟ್ಟೆಗೂ ಒಂದು ರೂಮಾ?" ಎಂದು ನಕ್ಕರು. ಎಲ್ಲರೂ ನಗುತ್ತ ದೇವರಮನೆ ನೋಡಲು ಮುಂದೆ ಹೋದರು. ಶಿವರುದ್ರಮ್ಮ ಹೋಗಲಿಲ್ಲ. ನಲ್ಲಿ ತಿರುಗಿಸಿದಳು, ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಕರವಸ್ತ್ರ ತೆಗೆದು ಆ ಕಲ್ಲಿನ ಮೇಲೆ ಕುಕ್ಕಿ ಒಗೆದಳು, ಹಿಂಡಿದಳು, ಕೊಡವಿ ತಂತಿಯ ಮೇಲೆ ಹರವಿದಳು.

"ನಿಂತ್ಕಂಡೇ ಒಗೀಬಹುದು ಕಣ್ರೀ," ಅಂದಳು. ಅಷ್ಟೇ.

ನಮ್ಮ ಮನೆಯ ಒಗೆಯುವ ಕಲ್ಲು ಹಿತ್ತಿಲ ಬೇಲಿಯ ಪಕ್ಕ ನೆಲಕ್ಕೆ ಅಂಟಿಕೊಂಡು ಬಿದ್ದಿತ್ತು. ಬೇಸಿಗೆಯಲ್ಲಿ ನೆತ್ತಿ ಸುಡುವ ಬಿಸಿಲು, ಮಳೆಗಾಲದಲ್ಲಿ ಮೊಳಕಾಲವರೆಗೆ ಕೆಸರು. ಅದರ ಮುಂದೆ ಬಗ್ಗಿ ಒಗೆದು ಮುಗಿಸಿ ಏಳುವಾಗ ಶಿವರುದ್ರಮ್ಮ ಒಂದು ಕೈ ಸೊಂಟಕ್ಕೆ, ಇನ್ನೊಂದು ಕೈ ಗೋಡೆಗೆ ಕೊಟ್ಟು ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದಳು. ನೋಡುವ ಹೊತ್ತಿಗೆ ನನಗೆ ಸಾಮಾನ್ಯವಾಗಿ ಬೇರೆ ಕೆಲಸ ಇರುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಪೌರುಷ ಕೆರಳಿತು. ಗಿರಿಜಾಂಬಿಕಾಳ ಎಂಜಿನಿಯರ್ ಗಂಡ ಕಟ್ಟಿಸಿದರೆ ಏನು ದೊಡ್ಡಸ್ತಿಕೆ? "ಅಂಥಾ ರೂಮು ನಾನೇ ಮಾಡ್ಕೊಡ್ತೀನಿ ಕಣೇ," ಅಂದೆ. "ಮೇಸ್ತ್ರಿ ಬೇಡ, ಸಿಮೆಂಟು ಬೇಡ. ಮನೇಲಿರೋ ಸಾಮಾನಲ್ಲೇ."

"ಆಗ್ಲಿ," ಅಂದಳು ಶಿವರುದ್ರಮ್ಮ, ಕಿಟಕಿಯಿಂದಾಚೆ ನೋಡುತ್ತ. ಎಮ್ಮೆ ಈದ ಮೇಲೆ ನೋಡೋಣ ಎನ್ನುವಾಗಲೂ ಅವಳ ಧ್ವನಿ ಹೀಗೇ ಇರುತ್ತದೆ.

ನಮ್ಮ ಮನೆಯಲ್ಲಿ ಅಡಿಗೆಮನೆಗೂ ಬಚ್ಚಲಿಗೂ ನಡುವೆ ಒಂದು ಹಿಂದಿನ ಕೋಣೆ ಇತ್ತು. ಕೆಳಗೆ ಮುರಿದ ನೇಗಿಲು, ಹಳೆ ತಗಡು, ಇಲಿ. ಮೇಲೆ ಅಟ್ಟ, ಅಟ್ಟದ ತುಂಬ ತೆಂಗಿನಕಾಯಿ. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದೆಂದರೆ ಕಾಯುವ ಕೆಲಸ. ಕಿತ್ತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ, ಒಳಗಿನ ನೀರು ತಾನಾಗಿ ಇಂಗುವವರೆಗೆ ಹೆಚ್ಚುಕಡಿಮೆ ವರ್ಷ ಕಾಯಬೇಕು. ಅಲ್ಲಾಡಿಸಿದರೆ ನೀರಿನ ಸದ್ದು ಹೋಗಿ, ಚಿಪ್ಪು ಬಿಟ್ಟ ಕೊಬ್ಬರಿ ಉಂಡೆಯ ಸದ್ದು ಬರಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು ತಿಪಟೂರಿನ ಮಂಡಿಗೆ ಒಯ್ಯುವುದು. ಯಾರಾದರೂ ಹೊತ್ತಿಗೆ ಮುಂಚೆ ಕಾಯಿ ಇಳಿಸಿದರೆ ಅದಕ್ಕೆ ನಮ್ಮಲ್ಲಿ ಒಂದೇ ಅರ್ಥ: ರೇಟಿನ ವಿಚಾರ ಅವನಿಗೆ ಏನೋ ಗೊತ್ತಾಗಿದೆ.

ಇದು ನನಗೂ ಗೊತ್ತಿತ್ತು. ಆದರೆ ಆ ದಿನ ನನ್ನ ತಲೆಯಲ್ಲಿ ಇದ್ದದ್ದು ರೇಟಲ್ಲ, ಒಗೆಯುವ ಕಲ್ಲು. ಕೋಣೆಯ ಕೆಳಭಾಗ ಚೊಕ್ಕಟ ಮಾಡಿ, ಪ್ರಯೋಗಕ್ಕೆಂದು ನನ್ನ ಒದ್ದೆ ಪಂಚೆಯನ್ನು ಎತ್ತಿ ಕಲ್ಲಿಗೆ ಬಡಿಯುವವನಂತೆ ಬೀಸಿದೆ. ಪಂಚೆ ಅಟ್ಟದ ಬಿದಿರು ದಬ್ಬೆಗೆ ಸಿಕ್ಕಿಕೊಂಡಿತು. ಎಳೆದೆ. ದಬ್ಬೆ ಸರಿದು, ಒಂದು ಕಾಯಿ ನನ್ನ ಹೆಗಲ ಮೇಲೆ ಬಿತ್ತು. ಅಟ್ಟ ಇರುವವರೆಗೆ ಇಲ್ಲಿ ಯಾರೂ ಬಟ್ಟೆ ಎತ್ತಿ ಒಗೆಯುವ ಹಾಗಿಲ್ಲ ಎಂದು ಆಗ ಖಾತ್ರಿಯಾಯಿತು. ಅಲ್ಲದೆ ಕೆಳಗೆ ನೀರು ಚೆಲ್ಲಾಡಿದರೆ ಮೇಲಿನ ಕಾಯಿಗೆ ಥಂಡಿ ಹಿಡಿಯುತ್ತದೆ. ಹಾಗಾಗಿ ಕಾಯಿಯನ್ನೆಲ್ಲ ಇಳಿಸಿ ಮುಂದಿನ ಜಗಲಿಯಲ್ಲಿ ಒಟ್ಟಿದೆ. ಕೊಟ್ಟಿಗೆಯ ಮೇಲೆ ಹೊಸ ಅಟ್ಟ ಕಟ್ಟಿ ಅಲ್ಲಿಗೆ ಏರಿಸುವುದು ನನ್ನ ಯೋಜನೆಯಾಗಿತ್ತು.

ರಾಶಿ ಸೊಂಟದ ಎತ್ತರಕ್ಕೆ ಬರುವಷ್ಟರಲ್ಲಿ ಪಕ್ಕದ ಮನೆ ಮರುಳಪ್ಪ ಪ್ರತ್ಯಕ್ಷನಾದ. ಮರುಳಪ್ಪನಿಗೆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಾಯಿ, ಎಲ್ಲರಿಗಿಂತ ಹೆಚ್ಚು ಅನುಮಾನ.

"ಏನ್ಲಾ ಪರ್ಮಶಿವ, ಕಾಯಿ ಇಳ್ಸಿದ್ದೀಯ?"

"ಹೂ ಕಣ್ಲಾ."

"ಅಷ್ಟೂನೂವಾ?"

"ಅಷ್ಟೂನು."

ಅವನು ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ನೀರು ಗುಳಗುಳ ಎಂದಿತು. "ಇನ್ನೂ ಹಸೀ ಅದೆ," ಅಂದ. "ಹಸೀ ಕಾಯಿ ಯಾಕ್ಲಾ ಇಳ್ಸಿದ್ದು?"

"ಕೋಣೆ ಖಾಲಿ ಬೇಕಿತ್ತು. ಶಿವರುದ್ರಿಗೆ ಬಟ್ಟೆ ಒಗೆಯೋಕೆ ರೂಮು ಮಾಡ್ತಿದ್ದೀನಿ."

ಮರುಳಪ್ಪ ನನ್ನ ಮುಖವನ್ನು ನೋಡಿದ. ಕಾಯಿಯನ್ನು ನೋಡಿದ. ಮತ್ತೆ ಮುಖವನ್ನು ನೋಡಿದ. "ಬಟ್ಟೆ ಒಗೆಯೋಕೆ," ಅಂದ.

"ಹೂ."

"ಎಂಡ್ರಿಗೆ."

"ಹೂ ಅಂದ್ನಲ್ಲ."

"ಬುಡ್ಲಾ. ಹೇಳಾಕೆ ಇಷ್ಟ ಇಲ್ದಿದ್ರೆ ಇಲ್ಲ ಅನ್ನು. ಹಿಂಗೆಲ್ಲ ಯಾಕೆ ಹೇಳ್ತೀಯ? ನಾವೂ ಅನ್ನ ತಿನ್ನೋರೇ ಕಣ್ಲಾ." ಹೀಗೆಂದು ನೊಂದುಕೊಂಡು ಹೋದ.

ಇಲ್ಲಿ ಒಂದು ಸಂಗತಿ ಹೇಳಬೇಕು. ನನ್ನ ಹೆಂಡತಿಯ ಅಣ್ಣ ತೋಂಟದಾರ್ಯ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತ. ರೇಟು ಏರುವುದು, ಇಳಿಯುವುದು ಅವನ ಮೂಗಿನ ಕೆಳಗೇ ನಡೆಯುತ್ತದೆ ಎಂದು ನಮ್ಮೂರಿನವರ ನಂಬಿಕೆ. ಆದ್ದರಿಂದ ಮರುಳಪ್ಪ ತನ್ನ ಮನೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಲೆಕ್ಕ ಮುಗಿಸಿದ್ದ: ರೇಟು ಏರುತ್ತದೆಂದು ತೋಂಟದಾರ್ಯ ಭಾವನಿಗೆ ಗುಟ್ಟಾಗಿ ಹೇಳಿದ್ದಾನೆ, ಭಾವ ಕಾಯಿ ಇಳಿಸಿದ್ದಾನೆ, ಕೇಳಿದರೆ ಬಟ್ಟೆ ಒಗೆಯೋಕೆ ಅನ್ನುತ್ತಾನೆ.

ನಾನು ನನ್ನ ಪಾಡಿಗೆ ಖಾಲಿ ಅಟ್ಟವನ್ನು ಕಿತ್ತುಹಾಕಿ ಕೆಲಸ ಮುಂದುವರಿಸಿದೆ. ಎಮ್ಮೆಯ ಹಳೆಯ ಗೋದಲಿಯಿಂದ ಮುರಿದ ಚಪ್ಪಡಿ ಕಲ್ಲೊಂದು ಕೊಟ್ಟಿಗೆಯ ಹಿಂದೆ ಬಿದ್ದಿತ್ತು. ಅದನ್ನು ಸೊಂಟದ ಎತ್ತರಕ್ಕೆ ಕೂರಿಸಲು ಬಿದ್ದ ತೆಂಗಿನ ಮರದ ಕೊರಡುಗಳನ್ನು ನೆಟ್ಟೆ. ಎತ್ತಿ ಇಡಲು ನನ್ನೊಬ್ಬನ ಕೈಯಲ್ಲಾಗಲಿಲ್ಲ. ರಟ್ಟೆಯಲ್ಲಿ ಶಕ್ತಿಯಿರುವವನು ಎಂದು ಕೆಂಚಪ್ಪನನ್ನು ಕರೆದೆ. ಕೆಂಚಪ್ಪನ ಕಸುಬು ಕಾಯಿ ಸುಲಿಯುವುದು. ಅವನು ಬಂದು ಚಪ್ಪಡಿ ಎತ್ತಿ ಇಟ್ಟು, ಮಜ್ಜಿಗೆ ಕುಡಿದು ಹೋದ. ಸಂಜೆಯೊಳಗೆ ಸುದ್ದಿ ಹಬ್ಬಿತು: ಪರಮಶಿವಯ್ಯ ಸುಲಿಯೋರನ್ನೂ ಕರೆಸಿಬಿಟ್ಟ, ಸುಲಿಯೋಕೆ ಕಲ್ಲಿನ ಕಟ್ಟೆಯನ್ನೂ ಹಾಕಿಸಿಬಿಟ್ಟ.

ಬಟ್ಟೆ ಹರವಲು ತೊಲೆಯಿಂದ ಎರಡು ಹಗ್ಗ ಇಳಿಬಿಟ್ಟು ಬಿದಿರಿನ ಗಳು ಕಟ್ಟಿದೆ. ಕಿಟಕಿಯಿಂದ ಇಣುಕಿದವರು ಅದನ್ನು ತಕ್ಕಡಿ ತೂಗುಹಾಕುವ ಗಳು ಅಂದರು. ಸುಣ್ಣಕ್ಕೆ ಬಟ್ಟೆಯ ನೀಲಿ ಬೆರೆಸಿ ಗೋಡೆಗೆ ಬಳಿದೆ, ಗಿರಿಜಾಂಬಿಕಾಳ ಮನೆಯ ಬಣ್ಣವೇ ಬಂತು. ತಿಪಟೂರಿನ ಯಾವುದೋ ಗೋಡೌನಿಗೂ ಇದೇ ಬಣ್ಣವಂತೆ. ನೀರು ಹೊರಗೆ ಹೋಗಲಿ ಎಂದು ಗೋಡೆಯ ಬುಡದಲ್ಲಿ ಮೋರಿಗೆ ಕಿಂಡಿ ಕೊರೆದೆ. ಇಲಿ ಓಡಿಸಲು ಬೆಕ್ಕಿಗೆ ದಾರಿ ಮಾಡಿದ್ದಾನೆ, ಅಂದರೆ ಸರಕು ಬಹಳ ದಿನ ಕೂಡಿಡುವ ಏರ್ಪಾಡು ಎಂದು ಒಬ್ಬರು ಹೇಳಿದರು. ಸೋಪು ಇಡಲು ನಯವಾಗಿ ಉಜ್ಜಿದ ಕರಟವನ್ನು ಗೋಡೆಗೆ ಸಿಕ್ಕಿಸಿದೆ. ಅದಕ್ಕೂ ಏನಾದರೂ ಅರ್ಥ ಹಚ್ಚಿರುತ್ತಾರೆ. ನನ್ನ ಕಿವಿಗೆ ಬೀಳಲಿಲ್ಲ, ಅಷ್ಟೇ.

ಕೇಳಿದವರಿಗೆಲ್ಲ ನಾನು ಸತ್ಯವನ್ನೇ ಹೇಳಿದೆ. ಸತ್ಯ ಹೇಳಿದಷ್ಟೂ ಜನ ಕಣ್ಣು ಹೊಡೆಯತೊಡಗಿದರು. ಹಾಲು ಹಾಕಲು ಹೋದರೆ, "ಬಟ್ಟೆ ಚೆನ್ನಾಗಿ ಒಗೀತಿದ್ದೀರಾ?" ಅನ್ನುವರು. ಕ್ಷೌರಕ್ಕೆ ಕೂತರೆ ಕ್ಷೌರದವನು ಕತ್ತಿ ನನ್ನ ಗಂಟಲ ಮೇಲೆ ನಿಲ್ಲಿಸಿ, "ನಮ್ಮ ಮಾವನ ಮನೇಲೂ ಒಂದಿಷ್ಟು ಬಟ್ಟೆ ಅದೆ ಸ್ವಾಮಿ, ಈಗ್ಲೇ ಒಗಿಯೋದಾ, ತಡೆಯೋದಾ?" ಎಂದು ಕೇಳುವನು. ಪಟೇಲ್ ಕರಿಬಸವಯ್ಯನವರು, ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದವರು, ಮನೆಗೆ ಕರೆದು ಕಾಫಿ ಕೊಟ್ಟು ಬೆನ್ನು ತಟ್ಟಿದರು. "ಬಾಯಿ ಭದ್ರ ಅಂದ್ರೆ ನಿನ್ನದು ಕಣಯ್ಯ. ನಾನು ನಿನ್ನ ಏನೋ ಅಂದ್ಕಂಡಿದ್ದೆ," ಅಂದರು. ಊರಿನಲ್ಲಿ ಗೌರವ ಸಿಗುವ ಕಾಲ ಬಂದು, ಅದೂ ಮಾಡದ ಕೆಲಸಕ್ಕೆ ಸಿಕ್ಕರೆ, ಸ್ವಾಭಿಮಾನ ಇರುವವನಿಗೆ ಎಷ್ಟು ಸಂಕಟ ನೋಡಿ. ಕಾಫಿ ಮಾತ್ರ ಚೆನ್ನಾಗಿತ್ತು.

ಇಷ್ಟರಲ್ಲಿ ಮರುಳಪ್ಪ ತನ್ನ ಅಟ್ಟ ಖಾಲಿ ಮಾಡಿದ. ಅವನು ಮಾಡಿದ್ದು ನೋಡಿ ಎದುರು ಮನೆಯವರು, ಅವರನ್ನು ನೋಡಿ ಕೆಳಗಿನ ಕೇರಿಯವರು. ಬೀದಿಯ ಎರಡೂ ಬದಿ ಜಗಲಿಗಳಲ್ಲಿ ಕಾಯಿಯ ರಾಶಿ. ನಾನು ಮನೆಮನೆಗೆ ಹೋಗಿ, "ದಯವಿಟ್ಟು ಏರಿಸ್ರಪ್ಪ, ನಂದು ಬಟ್ಟೆ ಒಗೆಯೋ ರೂಮು," ಎಂದು ಕೈಮುಗಿದೆ. ನಾವು ಮಾರಿದರೆ ತನ್ನ ಸರಕಿಗೆ ಗಿರಾಕಿ ಕಡಿಮೆಯಾಗುತ್ತಾರೆಂದು ಹೀಗೆ ತಡೆಯುತ್ತಿದ್ದಾನೆ ಎಂದುಕೊಂಡು ರಾತ್ರೋರಾತ್ರಿ ಉಳಿದವರೂ ಇಳಿಸಿದರು.

ಆಮೇಲೆ ಬಂದರು ಸಾಹೇಬರು. ಮಾರುಕಟ್ಟೆಯ ಕಡೆಯ ಯಾವುದೋ ಇನ್‌ಸ್ಪೆಕ್ಟರು. ಊರಿನಲ್ಲಿ ಲೈಸೆನ್ಸ್ ಇಲ್ಲದ ಗೋಡೌನು ಎದ್ದಿದೆ ಎಂದು ಅವರಿಗೆ ಯಾರೋ ಹೇಳಿದ್ದರು. ಪ್ಯಾಂಟು ಮೇಲೆತ್ತಿಕೊಂಡು ನೇರವಾಗಿ ಹಿಂದಿನ ಕೋಣೆಗೆ ನುಗ್ಗಿ, ಗೋಡೆ ಬಡಿದು ನೋಡಿದರು.

"ಎಷ್ಟು ಚೀಲ ಹಿಡಿಯುತ್ತೆ ರೀ?"

"ಚೀಲ ಇಡೋಕಲ್ಲ ಸಾರ್. ಬಟ್ಟೆ ಒಗೆಯೋಕೆ."

"ಗೋಡೌನಲ್ಲಿ ಯಾಕೆ ಬಟ್ಟೆ ಒಗೀತೀರಿ?"

"ಗೋಡೌನ್ ಅಲ್ಲ ಸಾರ್."

"ಹಾಗಾದ್ರೆ ಈ ಕಿಂಡಿ ಯಾಕೆ?"

"ನೀರು ಹೋಗೋಕೆ."

"ಗೋಡೌನಿಂದ ಯಾವ ನೀರು ಹೋಗಬೇಕು?"

ನಾನು ಶಿವರುದ್ರಮ್ಮನನ್ನು ಕರೆದೆ. "ಸಾಹೇಬ್ರಿಗೆ ಹೇಳು, ಈ ರೂಮು ಯಾತಕ್ಕೆ ಅಂತ." ಅವಳು ಸೆರಗು ಹೊದ್ದು ಬಾಗಿಲಲ್ಲಿ ನಿಂತಳು. "ಬಟ್ಟೆ ಒಗೆಯೋಕೆ ಅಂತ ಅವ್ರು ಹೇಳವ್ರೆ," ಅಂದಳು. ಸಾಹೇಬರು ಅರ್ಥಗರ್ಭಿತವಾಗಿ ತಲೆದೂಗಿದರು. ಅವಳು ಅದನ್ನು ಹೇಳಿದ ರೀತಿ ನನಗೂ ಸರಿ ಕಾಣಲಿಲ್ಲ, ಆದರೆ ಆ ಗಡಿಬಿಡಿಯಲ್ಲಿ ವಿಚಾರಿಸಲಾಗಲಿಲ್ಲ. ಸಾಹೇಬರು ಅತ್ತಿತ್ತ ನೋಡಿ, ನನ್ನ ತೋಳು ಹಿಡಿದು ಬಚ್ಚಲ ಕಡೆಗೆ ಕರೆದುಕೊಂಡು ಹೋಗಿ ಧ್ವನಿ ತಗ್ಗಿಸಿದರು.

"ನೋಡಿ ಪರಮಶಿವಯ್ಯನವರೇ, ನಮ್ಮ ಮಾವನವರದು ಹುಳಿಯಾರು. ಅವರ ಅಟ್ಟದಲ್ಲೂ ಕಾಯಿ ಇದೆ. ಇಳಿಸೋದಾ ಬೇಡ್ವಾ, ಒಂದು ಮಾತು ಹೇಳಿಬಿಡಿ. ಯಾರಿಗೂ ಬಾಯಿ ಬಿಡಲ್ಲ."

"ಇಳಿಸಬೇಡಿ ಸಾರ್," ಅಂದೆ, ಅಳು ಬರುವುದೊಂದು ಬಾಕಿ.

"ಅರ್ಥವಾಯ್ತು," ಅಂದರು ಸಾಹೇಬರು, ಮೆಚ್ಚುಗೆಯಿಂದ. ಹುಳಿಯಾರಿನಲ್ಲಿ ಮಾರನೇ ದಿನವೇ ಇಳಿಸಿದರೆಂದು ಆಮೇಲೆ ತಿಳಿಯಿತು.

ರೇಟು ಅಲ್ಲಾಡಲಿಲ್ಲ. ಮೇಲೂ ಹೋಗಲಿಲ್ಲ, ಕೆಳಗೂ ಬರಲಿಲ್ಲ. ಮರುಳಪ್ಪನಿಗೆ ಮಾತ್ರ ತಾಳ್ಮೆ ಇರಲಿಲ್ಲ. ಎಲ್ಲರಿಗಿಂತ ಮೊದಲು ಮಂಡಿ ಮುಟ್ಟಬೇಕೆಂದು ಸುಲಿಸಿ, ಚಿಪ್ಪು ಒಡೆಸಿಯೇಬಿಟ್ಟ. ಒಡೆದ ಕಡೆಯೆಲ್ಲ ನೀರು. ಒಳಗೆ ಉಂಡೆ ಕೊಬ್ಬರಿಯ ಬದಲು ಬಿಳೀ ತಿರುಳು ಚಿಪ್ಪಿಗೆ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಎರಡು ದಿನ ಬಿಸಿಲಿಗೆ ಹಾಕಿದ, ಲೋಳೆಗಟ್ಟಿತು, ಬೀದಿಗೆಲ್ಲ ನಾತ ಹೊಡೆಯಿತು. ಉಳಿದವರಿಗೆ ಬುದ್ಧಿ ಬಂದು ಒಡೆಯುವುದನ್ನು ನಿಲ್ಲಿಸಿದರು. ಆದರೆ ಇಳಿಸಿದ ಕಾಯಿಯನ್ನೆಲ್ಲ ಮತ್ತೆ ಹೊತ್ತು ಅಟ್ಟಕ್ಕೆ ಏರಿಸಬೇಕಲ್ಲ. ಸಿಟ್ಟು ಯಾರ ಮೇಲಾದರೂ ಹೋಗಬೇಕಾಗಿತ್ತು.

ಸೋಮವಾರ ಬೆಳಿಗ್ಗೆ ಎಲ್ಲರೂ ನಮ್ಮ ಹಿತ್ತಿಲಿಗೆ ಬಂದು ಕೂತರು. ನಡುವೆ ಕುರ್ಚಿಯ ಮೇಲೆ ಪಟೇಲ್ ಕರಿಬಸವಯ್ಯನವರು. ಕುರ್ಚಿ ನಮ್ಮ ಮನೆಯದೇ. ಮರುಳಪ್ಪ ಒಂದು ಬುಟ್ಟಿ ಕೊಳೆತ ಕೊಬ್ಬರಿಯನ್ನು ನನ್ನ ಕಾಲ ಬಳಿ ಸುರಿದ.

"ಇದಕ್ಕೆ ಏನಯ್ಯ ಹೇಳ್ತೀಯ?" ಎಂದು ಕೇಳಿದರು ಪಟೇಲರು.

"ನಾನು ಇವ್ನಿಗೆ ಇಳ್ಸು ಅಂದ್ನಾ? ಕೇಳಿ. ಬಟ್ಟೆ ಒಗೆಯೋಕೆ ಅಂತ ಮೊದಲ್ನೇ ದಿನವೇ ಹೇಳಿದ್ದೆ."

"ಹೇಳ್ದ," ಅಂದ ಮರುಳಪ್ಪ. "ಅದೇ ಪಟೇಲ್ರೇ ಇವ್ನು ಮಾಡಿರೋ ಮೋಸ. ನಿಜಾನ ಯಾರೂ ನಂಬ್ದಂಗೆ ಹೇಳ್ದ. ರೇಟು ಏರ್ತದೆ ಅಂತ ಇವ್ನೇ ಬಾಯಿ ಬುಟ್ಟು ಹೇಳಿದ್ರೆ, ಇವ್ನ ಮಾತ ಯಾವನು ಕೇಳ್ತಿದ್ದ? ನಾವೆಲ್ಲ ತೆಪ್ಪಗೆ ಮನೇಲಿರ್ತಿದ್ವಿ."

"ಅದು ಸರಿ," ಅಂದರು ನಾಲ್ಕಾರು ಜನ.

"ಏನು ಸರಿ?" ಅಂದೆ. "ನಾನು ಸುಳ್ಳು ಹೇಳ್ಬೇಕಾಗಿತ್ತಾ?"

"ಒಬ್ಬ ಗಂಡ್ಸು," ಅಂದರು ಪಟೇಲರು, ಒಂದೊಂದೇ ಮಾತು ಬಿಡಿಸಿ, "ಎಂಡ್ತಿ ಬಟ್ಟೆ ಒಗೆಯೋಕೆ ಅಂತ ತುಂಬಿದ ಅಟ್ಟ ಇಳಿಸ್ತಾನೆ ಅಂದ್ರೆ, ಕೇಳೋರು ಏನು ತಿಳ್ಕೋಬೇಕಯ್ಯ? ನೀನೇ ಹೇಳು. ಇಂಥದ್ದು ಎಲ್ಲಾದ್ರೂ ನಡೆದೈತಾ?"

ಇದೇ ಹೊತ್ತಿಗೆ ಕೈಮರದ ಕಡೆಯಿಂದ ತೋಂಟದಾರ್ಯ ಬಿರುಬಿರನೆ ಬಂದ. ಬಗಲಲ್ಲಿ ಛತ್ರಿ, ಮುಖದ ತುಂಬ ಬೆವರು. ನನ್ನ ಪರವಾಗಿ ಸಾಕ್ಷಿ ಹೇಳಲು ದೇವರೇ ಕಳಿಸಿದ ಎಂದುಕೊಂಡು ಅವನ ಕಡೆ ಓಡಿದೆ. "ನೋಡಿ, ಇವ್ರನ್ನೇ ಕೇಳಿ. ಭಾವ, ರೇಟಿನ ವಿಚಾರ ನೀವೇನಾದ್ರೂ ನನಗೆ ಹೇಳಿದ್ರಾ?"

"ನಾನು ಹೇಳೋದಾ?" ಅಂದ ತೋಂಟದಾರ್ಯ. "ಭಾವನೋರೆ, ನಾನು ನಿಮ್ಮನ್ನ ಕೇಳೋಣ ಅಂತ ಬಂದೆ. ನಿಮ್ಮ ಮಾತು ಕಟ್ಕಂಡು ನಮ್ಮೂರಲ್ಲಿ ನಮ್ಮಪ್ಪನ ಅಟ್ಟ ಪೂರ್ತಿ ಇಳ್ಸಿದ್ದೀನಿ. ಮಂಡಿ ಯಜಮಾನ್ರಿಗೂ ಹೇಳ್ದೆ, ಅವ್ರೂ ಮಾಲು ಮಾರೋದು ನಿಲ್ಸಿ ಕೂತವ್ರೆ. ಎಲ್ಲಿ ಏರ್ತು ರೇಟು?"

ಇವನಿಂದ ನಮಗೆ ಗೊತ್ತಾಯಿತು ಎಂದು ಊರೆಲ್ಲ ಹೇಳುತ್ತಿತ್ತು. ಇವನು ನನ್ನಿಂದ ತನಗೆ ಗೊತ್ತಾಯಿತು ಎನ್ನುತ್ತಿದ್ದ.

"ನಾನು ಯಾವಾಗ ನಿಮಗೆ ಹೇಳ್ದೆ?" ಅಂದೆ.

"ನೀವಲ್ಲ. ಕಂಡಕ್ಟರ್ ಕೈಲಿ ಹೇಳಿ ಕಳ್ಸಿದ್ರಲ್ಲ."

"ಯಾರು?"

"ಇನ್ಯಾರು? ಶಿವರುದ್ರಿ."

ಎಲ್ಲರೂ ಅಡಿಗೆಮನೆಯ ಬಾಗಿಲ ಕಡೆ ತಿರುಗಿದರು. ಶಿವರುದ್ರಮ್ಮ ಅಲ್ಲೇ ನಿಂತಿದ್ದಳು. ತಲೆ ಬಗ್ಗಿಸಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಮರುಳಪ್ಪ ಚಪ್ಪಾಳೆ ತಟ್ಟಿದ. "ನೋಡಿ ಪಟೇಲ್ರೇ, ಕಟ್ಟಿಕೊಂಡ ಎಂಡ್ರೇ ನಂಬಿಲ್ಲ. ನಾವು ನಂಬ್ಬೇಕಿತ್ತಂತೆ."

ಊರು ಹೋಗಲಿ, ಊರಿಗೆ ಬುದ್ಧಿಯಿಲ್ಲ. ಯಾರಿಗಾಗಿ ನಾನು ಕೈಗೆ ಬೊಕ್ಕೆ ಬರಿಸಿಕೊಂಡು ಕಿಂಡಿ ಕೊರೆದೆನೋ ಅವಳೂ ನಂಬಲಿಲ್ಲವಲ್ಲ. ಪಟೇಲರು ಗಂಟಲು ಸರಿಮಾಡಿಕೊಂಡು ತೀರ್ಮಾನ ಕೊಟ್ಟರು.

"ಬಟ್ಟೆ ಒಗೆಯೋ ರೂಮು ಅಂತೀಯಲ್ಲ. ಒಗಿ, ನೋಡಾನ."

"ಅವಳು ಒಗೀತಾಳೆ," ಅಂದೆ.

"ಅವಳು ಎಲ್ಲಿ ಬೇಕಾದ್ರೂ ಒಗೀತಾಳೆ. ಅದ್ರಿಂದ ಏನು ರುಜುವಾತಾಯ್ತು? ನೀನು ಒಗಿ."

ಹೀಗೆ ನಾನು ನನ್ನ ಹಿಂದಿನ ಕೋಣೆಯಲ್ಲಿ ಊರೆದುರು ಬಟ್ಟೆ ಒಗೆದೆ. ಬಾಗಿಲು, ಕಿಟಕಿ, ಮೋರಿಯ ಕಿಂಡಿ, ಎಲ್ಲ ಕಡೆಯಿಂದ ನೋಡುತ್ತಿದ್ದರು. ನನ್ನ ಪಂಚೆ, ಅಂಗಿ, ಶಿವರುದ್ರಮ್ಮನ ಎರಡು ಸೀರೆ. ಸೋಪು ಕೈಯಿಂದ ಜಾರಿ ಕಿಂಡಿಯಿಂದ ಆಚೆ ಹೋಯಿತು, ಹೊರಗಿನಿಂದ ಯಾರೋ ವಾಪಸು ಎಸೆದರು. ಸೀರೆಯನ್ನು ಎತ್ತಿ ಬಡಿದರೆ ಅದು ಕಲ್ಲಿಗೆ ಬೀಳದೆ ಬಾಗಿಲಲ್ಲಿ ನಿಂತಿದ್ದ ಪಟೇಲರ ಮುಖಕ್ಕೆ ಹೋಗಿ ಬಿತ್ತು. "ಹಂಗಲ್ಲ ಕಣಪ್ಪ," ಎಂದು ಮರುಳಪ್ಪನ ತಾಯಿ ಸಿದ್ದಗಂಗಮ್ಮ ಹೇಳಿಕೊಡತೊಡಗಿದಳು. "ಮೊದ್ಲು ಕಾಲರ್ ಉಜ್ಜು. ಉಜ್ಜು ಅಂದ್ರೆ ಸವರೋದಲ್ಲ." ನೀಲಿ ಎಷ್ಟು ಹಾಕಬೇಕೆಂದು ನನಗೇನು ಗೊತ್ತು? ಪಂಚೆ ಗೋಡೆಯ ಬಣ್ಣಕ್ಕೇ ಬಂತು. ಮರುಳಪ್ಪ ತನ್ನ ಟವೆಲನ್ನು ಹೆಗಲಿಂದ ತೆಗೆದು, "ಇದ್ನೂ ಒಂದು ಕೈ ನೋಡ್ಬುಡು," ಎಂದು ಕಲ್ಲಿನ ಮೇಲೆ ಹಾಕಿದ. ಅವನನ್ನು ನೋಡಿ ಇನ್ನೂ ಇಬ್ಬರು ಅಂಗಿ ಬಿಚ್ಚತೊಡಗಿದರು. ನಾನು ಒದ್ದೆ ಟವೆಲನ್ನು ಬೀಸಿ ಅವರನ್ನು ಹಿಂದಕ್ಕಟ್ಟಿದೆ.

"ಆಯ್ತು ಬುಡ್ರಪ್ಪ," ಅಂದರು ಪಟೇಲರು, ಮುಖ ಒರೆಸಿಕೊಳ್ಳುತ್ತ. "ಒಗೆಯೋಕೇ ಮಾಡಿರೋದು ಅಂತ ಸಾಬೀತಾಯ್ತು."

ಗಂಡಸರು ಹೊರಟರು. ಹೆಂಗಸರು ಹೊರಡಲಿಲ್ಲ. ಒಬ್ಬೊಬ್ಬರಾಗಿ ಕೋಣೆಯೊಳಗೆ ಬಂದು ಚಪ್ಪಡಿಯ ಎತ್ತರ ನೋಡಿದರು, ಗಳು ಎಳೆದು ನೋಡಿದರು. ಸಿದ್ದಗಂಗಮ್ಮ ಕಲ್ಲಿನ ಮುಂದೆ ನಿಂತು ಎರಡೂ ಅಂಗೈ ಊರಿದಳು. "ಬಗ್ಗೋದೇ ಬ್ಯಾಡ," ಎಂದು ತನ್ನಷ್ಟಕ್ಕೆ ಹೇಳಿಕೊಂಡು, ಬಾಗಿಲಲ್ಲಿದ್ದ ಮಗನನ್ನು ನೋಡಿದಳು. ಮರುಳಪ್ಪ ಅವಸರವಾಗಿ ಕೊಬ್ಬರಿ ಬುಟ್ಟಿಯ ಕಡೆ ತಿರುಗಿದ. ಅಂಗಳ ದಾಟುತ್ತ ಅವನು ತೋಂಟದಾರ್ಯನಿಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. "ಊರೆದ್ರಿಗೆ ಬಟ್ಟೆ ಒಗೆದ್ರೂ ಗುಟ್ಟು ಬುಡ್ಲಿಲ್ಲ ನೋಡು. ರೇಟು ಏರದೇ ಇದ್ರೆ ಕೇಳು." ತೋಂಟದಾರ್ಯ ಯೋಚಿಸುತ್ತ ನಿಂತುಬಿಟ್ಟ. ಎಂಥ ಜನ ಇವರು?

ಎಲ್ಲರೂ ಹೋದ ಮೇಲೆ ಕೋಣೆಯಲ್ಲಿ ನಾನು, ಅವಳು, ನೀಲಿ ಪಂಚೆ.

"ಯಾಕೆ ಹೇಳಿ ಕಳಿಸ್ದೆ?" ಅಂದೆ. "ಬಸ್ಸಲ್ಲೇ ನಿನಗೆ ಹೇಳಿರ್ಲಿಲ್ವಾ? ನಿನಗೋಸ್ಕರ ಮಾಡ್ತೀನಿ ಅಂತ?"

"ಹೇಳಿದ್ರಿ."

"ಮತ್ತೆ?"

"ನಂಬ್ಬೇಕು ಅಂತ್ಲೇ ಇತ್ತು," ಅಂದಳು ಶಿವರುದ್ರಮ್ಮ. "ಆಮೇಲೆ ಊರೆಲ್ಲ ರೇಟು ರೇಟು ಅಂದ್ರು. ಅದು ನಂಬೋಕೆ ಸಲೀಸಾಗಿತ್ತು."

"ಸಲೀಸಾಗಿತ್ತಾ?"

"ನನಗೋಸ್ಕರ ನೀವು ಈ ಮನೇಲಿ ಒಂದು ಮೊಳೆ ಹೊಡೆದಿದ್ದು ನಾನು ನೋಡಿಲ್ಲ."

ಇದನ್ನು ಮಾತ್ರ ನಾನು ಸಹಿಸುವವನಲ್ಲ. ಊರು ಅಂದದ್ದನ್ನು ಅನ್ನಿಸಿಕೊಂಡೆ, ಮನೆಯೊಳಗೂ ಅನ್ನಿಸಿಕೊಳ್ಳಬೇಕೇ? "ಸುಳ್ಳು," ಎಂದು ಕೂಗಿದೆ. "ನಡುಮನೆ ಕಂಬದಲ್ಲಿ ಮೊಳೆ ಇಲ್ವಾ? ಅದನ್ನ ಯಾರು ಹೊಡೆದಿದ್ದು?"

"ನೀವೇ," ಅಂದಳು. "ನಿಮ್ಮ ಅಂಗಿ ನೇತಾಕೋಕೆ."

ನನಗೆ ತಡೆಯಲಾರದ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಮರುಳಪ್ಪನ ಮೇಲೆ ಹಾಕೋಣವೆಂದರೆ ಅವನು ಅಲ್ಲಿರಲಿಲ್ಲ. ಶಿವರುದ್ರಮ್ಮ ಗಳುವಿನಿಂದ ನಾನು ಒಗೆದು ಹಾಕಿದ್ದ ಬಟ್ಟೆಗಳನ್ನೆಲ್ಲ ಒಂದೊಂದಾಗಿ ಇಳಿಸಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಚಪ್ಪಡಿಯ ಮುಂದೆ ನೆಟ್ಟಗೆ ನಿಂತು, ಮೊದಲಿನಿಂದ ಒಗೆಯಲು ಶುರುಮಾಡಿದಳು. ಕೈ ಎತ್ತಿ ಬಡಿದರೆ ಎಲ್ಲೂ ತಾಗಲಿಲ್ಲ. ಪಂಚೆಯ ನೀಲಿ ನೀರು ಕಿಂಡಿಯಿಂದ ಸರಾಗವಾಗಿ ಹೊರಗೆ ಹೋಯಿತು.

"ನೀರು ಸಾಲದು," ಅಂದಳು, ತಿರುಗಿ ನೋಡದೆ.

ನಾನು ಬಿಂದಿಗೆ ಎತ್ತಿಕೊಂಡು ಬಾವಿಗೆ ಹೋದೆ.